ಹಂಚಿನ ಕೆಲಸದವರಾದ ನಮ್ಮ ತಂದೆಯವರು

ಪಾಠಶಾಲೆಗಳ ಸ್ಮರಣಸಂಚಿಕೆಗಳಲ್ಲಿ ಶಾಲೆಯನ್ನು ಸ್ಥಾಪಿಸಿದವರ, ದ್ರವ್ಯಸಹಾಯವಿತ್ತವರ, ಅದರಲ್ಲಿ ಬಹುಕಾಲ ಕಲಿಸಿದವರ ಚರಿತ್ರೆಗಳು ಅಚ್ಚಾಗುವುದು ವಾಡಿಕೆಯಾಗಿದೆ. ಅದು ಯುಕ್ತವೇ ಸರಿ. ಆದರೆ ಪ್ರತಿದಿನ ಬೆಳಿಗ್ಗೆ ಮಕ್ಕಳ ತಲೆ ಬಾಚಿ, ಬುತ್ತಿ ಕಟ್ಟಿ, ಶುಲ್ಕದ ಹಣವನ್ನು ಎರಡು ಸಾರಿ ಎಣಿಸಿ ಕೈಯಲ್ಲಿಟ್ಟು ಶಾಲೆಗೆ ಕಳುಹಿಸಿದವರ ಚರಿತ್ರೆಯನ್ನು ಬರೆಯುವವರು ವಿರಳ. ಈ ಸಂಚಿಕೆಯ ಸಂಪಾದಕಿಯರು ಹಳೆ ವಿದ್ಯಾರ್ಥಿನಿಯರಾದ ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಒಂದೇ ಮನೆಯಿಂದ ಒಬ್ಬರ ಹಿಂದೆ ಒಬ್ಬರಾಗಿ ಇಲ್ಲಿ ಕಲಿತ ಅಕ್ಕತಂಗಿಯರಾದ ನಾವು ಮೂವರೂ ಕೂಡಿ ಆಲೋಚಿಸಿ, ನಮ್ಮ ತಂದೆಯವರ ವಿಷಯವನ್ನೇ ಬರೆಯುವುದೆಂದು ನಿಶ್ಚಯಿಸಿದೆವು. ಅವರು ಹಂಚಿನ ಕಾರ್ಖಾನೆಯಲ್ಲಿ ೪೪ ವರ್ಷ ಕೂಲಿಯಾಗಿ ದುಡಿದವರು. ಅವರ ಹೆಸರನ್ನು ಯಾವ ಕಲ್ಲಿನ ಮೇಲೆಯೂ ಕೆತ್ತಿಲ್ಲ. ಅವರನ್ನು ಬಲ್ಲವರೂ ಈಗ ಕೆಲವರೇ ಉಳಿದಿದ್ದಾರೆ. ಆದುದರಿಂದ ನಮ್ಮ ನೆನಪು ಸರಿಯಾಗಿರುವಾಗಲೇ ನಾಲ್ಕು ಮಾತುಗಳನ್ನು ಬರೆದಿಡುವುದು ಒಳ್ಳೆಯದೆಂದು ನಮಗೆ ತೋರಿತು.

ಮಂಗಳೂರಿನ ಹಂಚು ಎಂಬ ಮಾತನ್ನು ಕೇಳದವರು ನಮ್ಮ ಸೀಮೆಯಲ್ಲಿಲ್ಲ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಜನರಿಗೆ ಜೀವನೋಪಾಯವಾಗಬೇಕೆಂದು ನೆಯ್ಗೆ, ಅಚ್ಚುಕೂಟ ಮುಂತಾದ ಕೈಗಾರಿಕೆಗಳನ್ನು ಒಂದೊಂದಾಗಿ ಆರಂಭಿಸಿದರು. ಅವರಲ್ಲಿ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ಹಂಚಿಗೆ ಬೇಕಾದ ಜೇಡಿಮಣ್ಣು ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಗದ್ದೆಗಳಲ್ಲಿ ಯಥೇಷ್ಟವಾಗಿತ್ತು. ಸುಡುವುದಕ್ಕೆ ಘಟ್ಟದ ಕೆಳಗಿನ ಕಾಡುಗಳಿಂದ ಕಟ್ಟಿಗೆ ದೊರೆಯುತ್ತಿತ್ತು. ಮಾಲನ್ನು ಸಾಗಿಸುವುದಕ್ಕೆ ಬಂದರು ಸಮೀಪದಲ್ಲಿಯೇ ಇತ್ತು. ಈ ಮೂರು ಅನುಕೂಲಗಳಿಂದ ಉದ್ಯೋಗವು ಬೇಗನೆ ಹಬ್ಬಿ, ಬೇರೆ ಬೇರೆ ಯಜಮಾನರ ಕಾರ್ಖಾನೆಗಳ ಹೊಗೆಗೊಳವೆಗಳು ನದೀತೀರದುದ್ದಕ್ಕೂ ಎದ್ದುವು. ಇಲ್ಲಿಯ ಹಂಚು ಹಡಗುಗಳಲ್ಲಿ ಮುಂಬಯಿಗೂ ಸಿಂಹಳಕ್ಕೂ ಪೂರ್ವ ಆಫ್ರಿಕಕ್ಕೂ ಹೋಗುತ್ತಿತ್ತು. ಅಂತಹ ಕಾರ್ಖಾನೆಗಳಲ್ಲಿ ಒಂದರಲ್ಲಿ ನಮ್ಮ ತಂದೆಯವರು ೧೯೩೭ರಲ್ಲಿ, ತಮ್ಮ ೧೪ನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದರು.

ಅವರು ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿರಲಿಲ್ಲ. ೧೯೨೩ರ ಮಳೆಗಾಲದಲ್ಲಿ ನೇತ್ರಾವತಿಗೆ ದೊಡ್ಡ ನೆರೆ ಬಂದಾಗ ಅವರು ಎದೆಹಾಲಿನ ಕೂಸಾಗಿದ್ದರೆಂದು ಅಜ್ಜಿಯವರು ಹೇಳುತ್ತಿದ್ದುದರಿಂದ ಆ ವರ್ಷವನ್ನೇ ಅವರ ಜನ್ಮವರ್ಷವೆಂದು ಲೆಕ್ಕ ಹಿಡಿದೆವು. ನಮ್ಮ ಮನೆಮಾತು ತುಳು. ಅಜ್ಜನವರು ದೋಣಿಯಲ್ಲಿ ಮಣ್ಣು ಸಾಗಿಸುವವರಾಗಿದ್ದರು. ಅವರು ಬೇಗನೆ ತೀರಿಕೊಂಡುದರಿಂದ ತಂದೆಯವರಿಗೆ ಶಾಲೆಯ ಮೆಟ್ಟಲನ್ನು ಹತ್ತುವ ಯೋಗ ಬರಲಿಲ್ಲ. ತಾಯಿಯವರು ಅದೇ ಕಾರ್ಖಾನೆಯಲ್ಲಿ ಹಂಚು ಹೊರುವ ಹೆಂಗಸರಲ್ಲಿ ಒಬ್ಬರಾಗಿದ್ದರು. ೨½ ಕಿಲೋವಿಗಿಂತ ಹೆಚ್ಚು ತೂಕದ ಹಂಚುಗಳನ್ನು ಒಂದರ ಮೇಲೊಂದು ತಲೆಯ ಮೇಲೆ ಪೇರಿಸಿಕೊಂಡು ಆವಿಗೆಯಿಂದ ಅಂಗಳಕ್ಕೂ ಅಂಗಳದಿಂದ ದೋಣಿಕಟ್ಟೆಗೂ ನಡೆಯುವುದು ಅವರ ಕೆಲಸ. ಇಬ್ಬರೂ ೧೯೪೬ರಲ್ಲಿ ಮದುವೆಯಾದರು. ನಮ್ಮಲ್ಲಿ ಹಿರಿಯವಳು ಹುಟ್ಟಿದ ಮೇಲೆ ತಾಯಿಯವರು ಹೊರುವ ಕೆಲಸವನ್ನು ಬಿಟ್ಟು ಮನೆಯಲ್ಲಿಯೇ ಬೀಡಿ ಕಟ್ಟತೊಡಗಿದರು.

ಹಂಚು ಆಗುವ ಬಗೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ತಂದೆಯವರ ಸ್ವಭಾವವನ್ನು ನಾವು ಅದರಿಂದಲೇ ತಿಳಿದುಕೊಂಡೆವು. ಗದ್ದೆಯ ಮೇಲ್ಮಣ್ಣನ್ನು ಸರಿಸಿ ಅಡಿಯ ಜೇಡಿಯನ್ನು ಅಗೆದು ದೋಣಿಗಳಲ್ಲಿ ತರುವರು. ಬೇರೆ ಬೇರೆ ಗುಣದ ಮಣ್ಣುಗಳನ್ನು ಹದವರಿತು ಬೆರಸಿ, ಯಂತ್ರದಲ್ಲಿ ಅರೆದು, ಹಲಗೆಯಂತೆ ಕತ್ತರಿಸಿ, ಎಣ್ಣೆ ಸವರಿ, ಅಚ್ಚಿನ ಯಂತ್ರದಲ್ಲಿ ಒತ್ತುವರು. ಒತ್ತಿದ ಹಸಿಹಂಚನ್ನು ಬಿಸಿಲಿಗೆ ಇಡಕೂಡದು. ಬಿಸಿಲಿಗೆ ಮೇಲ್ಮೈ ಬೇಗನೆ ಒಣಗಿ ಒಳಗೆ ಹಸಿ ಉಳಿಯುವುದರಿಂದ ಹಂಚು ಸೊಟ್ಟಗಾಗುವುದು, ಇಲ್ಲವೆ ಬಿರಿಯುವುದು. ಆದುದರಿಂದ ಅದನ್ನು ಗಾಳಿಯಾಡುವ ನೆರಳಿನಲ್ಲಿ, ಮರದ ಅಟ್ಟಣೆಗಳ ಮೇಲೆ, ದಿನಗಟ್ಟಲೆ ಒಣಗಿಸಬೇಕು. ಆ ಮೇಲೆಯೇ ಆವಿಗೆ. ಅಲ್ಲಿ ಹಗಲೂ ರಾತ್ರಿಯೂ ಕಟ್ಟಿಗೆ ಉರಿಸಿ, ಬೆಂಕಿಯನ್ನು ಮೊದಲು ಸಣ್ಣಗೆ, ತರುವಾಯ ದೊಡ್ಡದಾಗಿ ಮಾಡಿ, ಸುಟ್ಟ ಬಳಿಕ ಮತ್ತೆ ನಿಧಾನವಾಗಿ ಆರಿಸುವರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಬೆಂಕಿಯಲ್ಲಿ ಕೆಂಪಾಗುವುದರಿಂದಲೇ ನಮ್ಮ ಊರಿನ ಮಾಡುಗಳಿಗೆ ಆ ಬಣ್ಣ ಬಂದಿದೆ. ಈ ಕೆಲಸದಲ್ಲಿ ಎಲ್ಲಿ ಅವಸರಪಟ್ಟರೂ ಮೋಸವೇ. ತಂದೆಯವರು ಮನೆಯಲ್ಲಿಯೂ ಅವಸರಪಡುತ್ತಿರಲಿಲ್ಲ. ಅವರು ನಮ್ಮನ್ನು ಗದರಿಸಿದ್ದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಯಾರಾದರೂ ಸಿಟ್ಟಿನಲ್ಲಿದ್ದರೆ, “ಇನ್ನೂ ಹಸಿಯಿದೆ, ನೆರಳಿನಲ್ಲಿರಲಿ” ಎಂದಷ್ಟೇ ಹೇಳಿ ಸುಮ್ಮನಾಗುವರು.

ಯುದ್ಧಾನಂತರದ ವರ್ಷಗಳಲ್ಲಿ ಅವರು ಅಚ್ಚಿನ ಯಂತ್ರದ ಕೆಲಸಕ್ಕೆ ಬಂದರು. ಅದಕ್ಕೆ ಕೂಲಿ ಸ್ವಲ್ಪ ಹೆಚ್ಚು, ಅಪಾಯವೂ ಹೆಚ್ಚು. ೧೯೫೯ರ ಒಂದು ಸಂಜೆ, ಕೆಲಸ ಮುಗಿಯುವ ಹೊತ್ತಿಗೆ, ಅವರ ಎಡಗೈಯ ಎರಡು ಬೆರಳುಗಳು ಅಚ್ಚಿನ ಅಡಿಯಲ್ಲಿ ಸಿಕ್ಕಿಕೊಂಡುವು. ಆಸ್ಪತ್ರೆಯಲ್ಲಿ ಅವುಗಳನ್ನು ನಡುಗಣ್ಣಿನ ಮೇಲಕ್ಕೆ ಉಳಿಸಲಾಗಲಿಲ್ಲ. ಕೆಲಸದಲ್ಲಿ ಗಾಯಗೊಂಡ ಕೂಲಿಗಾರರಿಗೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ ೧೯೨೩ರಲ್ಲಿಯೇ, ಅಂದರೆ ತಂದೆಯವರು ಹುಟ್ಟಿದ ವರ್ಷದಲ್ಲಿಯೇ, ಆಗಿತ್ತು. ಆದರೆ ಕಾನೂನು ಇರುವುದು ಬೇರೆ, ಅದನ್ನು ಓದಬಲ್ಲವನು ಮನೆಯಲ್ಲಿರುವುದು ಬೇರೆ. ಕೈಗೆ ಕಟ್ಟಿದ ಬಟ್ಟೆಯನ್ನು ಬಿಚ್ಚುವ ಮೊದಲೇ ಒಬ್ಬ ಗುಮಾಸ್ತರು ಮನೆಗೆ ಬಂದು, ಸ್ವಲ್ಪ ಹಣವನ್ನು ಕೊಟ್ಟು, ಒಂದು ಕಾಗದಕ್ಕೆ ಬಲಗೈಯ ಹೆಬ್ಬೆಟ್ಟನ್ನು ಒತ್ತಿಸಿಕೊಂಡು, ಅದರ ನಕಲನ್ನು ಬಿಟ್ಟು ಹೋದರು.

ಆ ನಕಲನ್ನು ನಮ್ಮಲ್ಲಿ ಹಿರಿಯವಳು, ಆಗ ೧೧ ವರ್ಷದವಳು, ದೀಪದ ಬೆಳಕಿನಲ್ಲಿ ಅಕ್ಷರ ಕೂಡಿಸಿ ಓದಿದಳು. ಕೊಟ್ಟ ಹಣದಿಂದ ತಮ್ಮ ಸರ್ವ ಹಕ್ಕುಗಳೂ ತೀರಿದುವೆಂದೂ ಮುಂದೆ ಏನನ್ನೂ ಕೇಳತಕ್ಕದ್ದಲ್ಲವೆಂದೂ ತಂದೆಯವರು ಒಪ್ಪಿರುವುದಾಗಿ ಅದರಲ್ಲಿ ಬರೆದಿತ್ತು. ಆ ಹಣವಾದರೋ ಎರಡು ತಿಂಗಳ ಅಕ್ಕಿಗೆ ಸಾಲುವಷ್ಟು ಮಾತ್ರ. ತಾಯಿಯವರು ಅತ್ತರು. ತಂದೆಯವರು ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, “ಇನ್ನು ಈ ಮನೆಯಿಂದ ಓದದೆ ಒಂದು ಹೆಬ್ಬೆಟ್ಟೂ ಹೋಗಬಾರದು” ಎಂದರು. ಮರುದಿನ ಸಂಜೆ ಅವರು ನಮ್ಮ ಎರಡನೆಯವಳ ಸ್ಲೇಟನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತರು. ೩೬ ವರ್ಷದ ತಂದೆಗೆ ೮ ವರ್ಷದ ಮಗಳು ಅಕ್ಷರ ತಿದ್ದಿಸಿದಳು. ಮನೆಯಲ್ಲಿ ತುಳುವನ್ನಾಡುವ ಅವರಿಗೆ ಕನ್ನಡದ ಓದು ಎರಡು ಪಟ್ಟು ಕಷ್ಟ. ಒತ್ತಕ್ಷರಗಳನ್ನು ಕಲಿಯುವುದಕ್ಕೆ ಅವರಿಗೆ ಒಂದು ಮಳೆಗಾಲವೇ ಹಿಡಿಯಿತು. ಎರಡು ವರ್ಷಗಳಾದ ಮೇಲೆ ಅವರು ದಿನಪತ್ರಿಕೆಯ ದಪ್ಪಕ್ಷರಗಳನ್ನು ಬೆರಳಿಟ್ಟು ಓದುವಷ್ಟಾದರು. ತರುವಾಯ ಸಣ್ಣಕ್ಷರಗಳನ್ನೂ ಓದಿದರು.

ಗಾಯದ ತರುವಾಯ ಅವರಿಗೆ ಯಂತ್ರದ ಕೆಲಸ ತಪ್ಪಿ, ಹಂಚು ಆಯುವ ಕೆಲಸ ಸಿಕ್ಕಿತು, ಕೂಲಿ ಕಡಿಮೆಯಾಯಿತು. ಆಯುವವನು ಸುಟ್ಟ ಹಂಚನ್ನು ಒಂದು ಕೈಯಲ್ಲಿ ತೂಗಹಿಡಿದು ಬೆರಳಗಣ್ಣಿನಿಂದ ತಟ್ಟುವನು. ಸರಿಯಾಗಿ ಬೆಂದ ಹಂಚು ಕಂಚಿನಂತೆ ಧ್ವನಿಗೊಡುವುದು. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕಾಗುವುದು. ಹೀಗೆ ಒಂದನೆಯ, ಎರಡನೆಯ ತರಗತಿಗಳೆಂದು ಬೇರೆ ಮಾಡಿ ಅಟ್ಟಿಯಿಡಬೇಕು. ಸೊಟ್ಟಾದ ಹಂಚನ್ನು ಅವರು ಕೀಳಾಗಿ ಎಣಿಸುತ್ತಿರಲಿಲ್ಲ. ಬೆಂಕಿಯ ಬಾಯಿಗೆ ಹತ್ತಿರವಿದ್ದುದರಿಂದ ಅದು ಸೊಟ್ಟಾಯಿತು, ಮಣ್ಣಿನ ತಪ್ಪೇನೂ ಇಲ್ಲ ಎನ್ನುವರು. ನಮ್ಮ ಪರೀಕ್ಷೆಯ ಅಂಕಗಳನ್ನು ಕೇಳಿದಾಗಲೂ ಅವರು ಇದೇ ರೀತಿಯಾಗಿ ಮಾತಾಡುತ್ತಿದ್ದರು.

ಇನ್ನು ತಾಯಿಯವರ ಕೆಲಸದ ಮಾತು. ಬೀಡಿಯ ಎಲೆಯನ್ನು ನೀರಿನಲ್ಲಿ ನೆನೆಯಿಸಿ, ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ತಗಡಿನ ಅಳತೆಯನ್ನು ಮೇಲಿಟ್ಟು ಕತ್ತರಿಯಿಂದ ಕತ್ತರಿಸಿ, ಹೊಗೆಸೊಪ್ಪಿನ ಹುಡಿಯನ್ನು ತುಂಬಿ ಸುರುಳಿ ಸುತ್ತಿ, ತುದಿಯನ್ನು ಮಡಿಸಿ, ನೂಲಿನಿಂದ ಕಟ್ಟಬೇಕು. ಸಾವಿರ ಬೀಡಿ ಕಟ್ಟಿದರೆ ಇಷ್ಟು ಎಂದು ಮಜೂರಿ. ಅದನ್ನು ೨೫ರ ಕಟ್ಟುಗಳಾಗಿ ಮಾಡಿ ಗುತ್ತಿಗೆದಾರನಲ್ಲಿಗೆ ಒಯ್ದರೆ, ಅವನು ಕೆಲವನ್ನು ಚೆನ್ನಾಗಿಲ್ಲವೆಂದು ಮುರಿದು ಹಾಕಿ ಲೆಕ್ಕದಿಂದ ಕಳೆಯುವನು. ಬೀಡಿ ಕಾರ್ಮಿಕರಿಗೆಂದೇ ಒಂದು ಕಾನೂನು ಆದದ್ದು ೧೯೬೬ರಲ್ಲಿ. ನಾವು ಹೇಳುವ ವರ್ಷಗಳಲ್ಲಿ ಗುತ್ತಿಗೆದಾರನ ಮಾತೇ ಕಾನೂನಾಗಿತ್ತು. ಅಡಿಗೆ, ನೀರು, ಮಕ್ಕಳ ಆರೈಕೆ ಇವೆಲ್ಲದರ ನಡುವೆ ಸಾವಿರವನ್ನು ಮುಗಿಸಲು ತಾಯಿಯವರು ರಾತ್ರಿ ಹನ್ನೊಂದರವರೆಗೆ ಬಗ್ಗಿ ಕುಳಿತಿರುತ್ತಿದ್ದರು. ಹೊಗೆಸೊಪ್ಪಿನ ಧೂಳಿನಿಂದ ಅವರಿಗೆ ಯಾವಾಗಲೂ ಕೆಮ್ಮು.

ತಂದೆಯವರ ಕೂಲಿ ಇಳಿದ ಬಳಿಕ ಮನೆಯ ಭಾರ ಆ ಬೀಡಿಯ ಮೊರದ ಮೇಲೆ ಬಿತ್ತು. ೧೯೬೨ರಲ್ಲಿ ನಮ್ಮ ಹಿರಿಯವಳಿಗೆ ೧೪ ವರ್ಷ ತುಂಬಿತು. ನೆರೆಯವರೂ ಬಂಧುಗಳೂ ಬಂದು, “ಹುಡುಗಿಯನ್ನು ಶಾಲೆಯಿಂದ ಬಿಡಿಸಿ ತಾಯಿಯ ಪಕ್ಕದಲ್ಲಿ ಕೂರಿಸಿರಿ, ದಿನಕ್ಕೆ ಇನ್ನು ಐನೂರು ಬೀಡಿ ಆಗುವುದು” ಎಂದು ಬುದ್ಧಿ ಹೇಳಿದರು. ಅದು ಕೆಟ್ಟ ಮನಸ್ಸಿನ ಮಾತಾಗಿರಲಿಲ್ಲ. ನಮ್ಮ ಓರಗೆಯ ಹುಡುಗಿಯರು ಮನೆಮನೆಯಲ್ಲಿಯೂ ಹಾಗೆಯೇ ಕುಳಿತಿದ್ದರು. ತಾಯಿಯವರಿಗೂ ಬೇರೆ ದಾರಿ ಕಾಣಲಿಲ್ಲ. ಕಿರಿಯವರಿಬ್ಬರಾದರೂ ಓದಲಿ, ಹಿರಿಯವಳು ನಿಲ್ಲಲಿ ಎಂದು ಅವರು ಒಂದು ರಾತ್ರಿ ತಂದೆಯವರೊಡನೆ ಹೇಳಿದರು. ನಾವು ಮೂವರೂ ಚಾಪೆಯಲ್ಲಿ ಮಲಗಿ, ನಿದ್ದೆಹೋದವರಂತೆ ಕೇಳುತ್ತಿದ್ದೆವು.

ತಂದೆಯವರು ಕೂಡಲೆ ಉತ್ತರ ಕೊಡಲಿಲ್ಲ. ಮರುದಿನ ಕೆಲಸದಿಂದ ಬಂದು ಸ್ನಾನಮಾಡಿ ಗಂಜಿಯುಂಡು, ಜಗಲಿಯಲ್ಲಿ ತಾಯಿಯವರ ಎದುರಿಗೆ ಕುಳಿತು, ಕತ್ತರಿಯನ್ನು ಎತ್ತಿಕೊಂಡರು. ಬೀಡಿ ಕಟ್ಟುವುದು ನಮ್ಮ ನೆರೆಯಲ್ಲಿ ಹೆಂಗಸರ ಕೆಲಸವಾಗಿತ್ತು. ಎರಡು ಬೆರಳಿಲ್ಲದ ಎಡಗೈಯಲ್ಲಿ ಎಲೆಯನ್ನೂ ತಗಡನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. ಮೊದಲ ದಿನ ಅವರು ಹಾಳುಮಾಡಿದ ಎಲೆಗಳೇ ಹೆಚ್ಚು. ದಾರಿಯಲ್ಲಿ ಹೋಗುವ ಗಂಡಸರು ನಿಂತು ನಕ್ಕರು. ಒಬ್ಬರು, “ಏನಯ್ಯಾ, ಹೆಂಡತಿಗೆ ಕೂಲಿಯಾದೆಯಾ?” ಎಂದು ಕೇಳಿದರು. ತಂದೆಯವರು ತಲೆಯೆತ್ತದೆ, “ಹೌದು, ಈ ಯಜಮಾನಿ ಹೆಬ್ಬೆಟ್ಟು ಕೇಳುವುದಿಲ್ಲ” ಎಂದರು. ತಾಯಿಯವರು ಬಹಳ ದಿನಗಳ ಮೇಲೆ ಅಂದು ನಕ್ಕರು. ತಿಂಗಳಾಗುವಷ್ಟರಲ್ಲಿ ಎಲೆ ಕತ್ತರಿಸುವುದೂ ತುದಿ ಮಡಿಸುವುದೂ ತಂದೆಯವರ ಪಾಲಿಗೆ, ತುಂಬಿ ಸುತ್ತಿ ಕಟ್ಟುವುದು ತಾಯಿಯವರ ಪಾಲಿಗೆ ಎಂದು ಕೆಲಸ ಹಂಚಿಕೆಯಾಯಿತು. ಹನ್ನೊಂದಕ್ಕೆ ಮುಗಿಯುತ್ತಿದ್ದ ಸಾವಿರ ಒಂಬತ್ತಕ್ಕೆ ಮುಗಿಯಿತು. ಉಳಿದ ಹೊತ್ತಿನಲ್ಲಿ ಇನ್ನೂ ಮುನ್ನೂರು ಆಯಿತು. ಹಿರಿಯವಳು ಶಾಲೆಗೆ ಹೋದಳು. ಆ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಏಳಲಿಲ್ಲ. ೧೨ ವರ್ಷಗಳ ಕಾಲ, ನಮ್ಮ ಕಿರಿಯವಳಿಗೆ ಕೆಲಸ ಸಿಕ್ಕುವವರೆಗೂ, ಅವರು ಆ ಕತ್ತರಿಯನ್ನು ಕೆಳಗಿಡಲಿಲ್ಲ.

ನಮ್ಮ ಪಾಠಶಾಲೆಗೂ ಅವರಿಗೂ ಇದ್ದ ಸಂಬಂಧವನ್ನು ಹಳೆ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ನೆನಸಿಯಾರು. ಒಂದು ವರ್ಷದ ಬಹುಮಾನ ವಿತರಣೆಯ ಸಭೆಗೆ ಅವರು ಬಿಳಿ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಇಂಗ್ಲಿಷ್ ಭಾಷಣ ನಡೆಯುವಾಗ ಅವರ ದೃಷ್ಟಿ ಮೇಲೆ ಮಾಡಿನ ಕಡೆಗೇ ಇತ್ತು. ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿಯವರ ಬಳಿಗೆ ಹೋಗಿ ಕೈಮುಗಿದು, ಬಲಗಡೆಯ ನಾಲ್ಕನೆಯ ಸಾಲಿನಲ್ಲಿ ಮೂರು ಹಂಚುಗಳು ಬಿರಿದಿವೆ, ಮಳೆಗಾಲಕ್ಕೆ ಮೊದಲು ತೆಗೆಸದಿದ್ದರೆ ನೀರು ಪಕ್ಕಾಸಿಗೆ ಇಳಿದು ಮರ ಕೊಳೆಯುವುದು ಎಂದು ಅರಿಕೆ ಮಾಡಿದರು. ಮುಂದಿನ ರಜಾದಿನ ಅವರೇ ಏಣಿ ತಂದು, ಮಾಡು ಹತ್ತಿ, ಹಂಚು ಬದಲಾಯಿಸಿದರು. ಕೂಲಿ ಎಷ್ಟೆಂದು ಕೇಳಿದಾಗ, “ಅಡಿಯಲ್ಲಿ ಕುಳಿತುಕೊಳ್ಳುವವರು ನನ್ನ ಮಕ್ಕಳೇ” ಎಂದರಂತೆ. ಮುಖ್ಯೋಪಾಧ್ಯಾಯಿನಿಯವರು ಅವರಿಗೆ ತಮ್ಮ ಕೊಠಡಿಯಲ್ಲಿ ಕುರ್ಚಿ ಕೊಟ್ಟು ಚಹ ತರಿಸಿಕೊಟ್ಟರು. ಕುರ್ಚಿಯಲ್ಲಿ ಕುಳಿತದ್ದನ್ನು ತಂದೆಯವರು ಮನೆಯಲ್ಲಿ ಹೇಳಲಿಲ್ಲ. ನಮಗೆ ತಿಳಿದುದು ಉಪಾಧ್ಯಾಯಿನಿಯರಿಂದ. ಅಂದಿನಿಂದ ಪ್ರತಿ ವರ್ಷವೂ ಮಳೆಗೆ ಮೊದಲು ಅವರು ಒಮ್ಮೆ ಬಂದು ಮಾಡನ್ನು ನೋಡಿಹೋಗುತ್ತಿದ್ದರು.

ಹಂಚು ಮಾಡುವವರ ಸ್ವಂತ ಮನೆಗೆ ಮಾತ್ರ ಮುಳಿಹುಲ್ಲಿನ ಮಾಡು. ಪ್ರತಿ ಬೇಸಗೆಯಲ್ಲಿಯೂ ಅದನ್ನು ಹೊಸತಾಗಿ ಹೊದೆಯಿಸಬೇಕು. ಮಳೆ ಬಲವಾದರೆ ರಾತ್ರಿ ಪಾತ್ರೆಗಳನ್ನು ಸಾಲಾಗಿ ಇಡಬೇಕು. ಪುಸ್ತಕಗಳು ಪೆಟ್ಟಿಗೆಯಲ್ಲಿಯೇ ಇರಬೇಕು. ೧೯೬೬ರಲ್ಲಿ ತಾಯಿಯವರ ಚೀಟಿಯ ಹಣ ಬಂದಾಗ, ಎರಡನೆಯ ತರಗತಿಯ ಹಂಚನ್ನು ಕಡಿಮೆ ಬೆಲೆಗೆ ಕೊಳ್ಳುವುದೆಂದು ಇಬ್ಬರೂ ನಿಶ್ಚಯಿಸಿದರು. ನೂರು ಚದರಡಿ ಮಾಡಿಗೆ ಸುಮಾರು ೧೫೦ ಹಂಚು ಬೇಕು. ನಮ್ಮ ಮನೆಗೆ ೬೦೦. ತಂದೆಯವರು ಆ ೬೦೦ನ್ನೂ ಒಂದೊಂದಾಗಿ ತಟ್ಟಿ ಆರಿಸಿದರು. ಒಂದು ಮಾತ್ರ ಹೊಸತು, ಪೂರ್ಣ ಬೆಲೆ ಕೊಟ್ಟು ತಂದದ್ದು. ಅದು ಗಾಜಿನ ಹಂಚು. ಅದನ್ನು ಎಲ್ಲಿ ಇಡಬೇಕೆಂದು ಅವರು ಅರ್ಧ ದಿವಸ ಯೋಚಿಸಿ, ಒಂದು ಕಡೆ ನಮ್ಮ ಪುಸ್ತಕಗಳ ಮೇಲೆಯೂ ಇನ್ನೊಂದು ಕಡೆ ತಾಯಿಯವರ ಮೊರದ ಮೇಲೆಯೂ ಬೆಳಕು ಬೀಳುವಂತೆ ಕೂರಿಸಿದರು. ತಾವು ಕುಳಿತುಕೊಳ್ಳುವ ಜಾಗ ಅದರಿಂದ ದೂರವಾಯಿತು. ತಾಯಿಯವರು ಅದನ್ನು ಗಮನಿಸಿ, ಮರುದಿನ ತಮ್ಮ ಮೊರವನ್ನೇ ಅವರ ಕಡೆಗೆ ಸರಿಸಿದರು.

೧೯೭೪ರ ಮಳೆಗಾಲದಲ್ಲಿ ನೇತ್ರಾವತಿಗೆ ಮತ್ತೆ ೧೯೨೩ರಂತಹ ನೆರೆ ಬಂತು. ನಮ್ಮ ತಗ್ಗಿನಲ್ಲಿಯೂ ನೀರು ಏರಿ, ಮಣ್ಣಿನ ಗೋಡೆಯ ಹಲವು ಮನೆಗಳು ಕರಗಿದುವು. ನಮ್ಮ ಮನೆ ಸ್ವಲ್ಪ ಎತ್ತರದಲ್ಲಿದ್ದು ಉಳಿಯಿತು. ನಾಲ್ಕು ಸಂಸಾರಗಳು ಹತ್ತು ದಿನ ಆ ೬೦೦ ಹಂಚುಗಳ ಅಡಿಯಲ್ಲಿ ಇದ್ದುವು. ಬೀಡಿ ಕಟ್ಟುವಾಗ ನಕ್ಕಿದ್ದವರೂ ಅವರಲ್ಲಿದ್ದರು. ಅವರಿಗೆ ತಂದೆಯವರು ಕೊಟ್ಟದ್ದು ಒಂದೇ ಉಪದೇಶ: ನೀರು ಇಳಿದ ಮೇಲೆ ನಷ್ಟದ ಅರ್ಜಿಗೆ ರುಜು ಹಾಕುವ ಮೊದಲು ಅದನ್ನು ಓದಿಸಿ ಕೇಳಿರಿ ಎಂಬುದು. ಆ ಅರ್ಜಿಗಳನ್ನು ನಾವು ಅಕ್ಕತಂಗಿಯರೇ ಬರೆದುಕೊಟ್ಟೆವು.

ಅವರು ೧೯೮೧ರಲ್ಲಿ ಕೆಲಸದಿಂದ ನಿವೃತ್ತರಾದರು. ೧೯೭೨ರ ಕಾನೂನಿನಂತೆ, ಕೆಲಸ ಮಾಡಿದ ಪ್ರತಿಯೊಂದು ವರ್ಷಕ್ಕೆ ೧೫ ದಿನಗಳ ಕೂಲಿಯಂತೆ ಅವರಿಗೆ ಉಪದಾನ ಸಲ್ಲತಕ್ಕದ್ದು. ಕಾರ್ಖಾನೆಯ ಕಚೇರಿಯಲ್ಲಿ ಕಾಗದವನ್ನು ಮುಂದಿಟ್ಟು ರುಜು ಹಾಕೆಂದರು. ತಂದೆಯವರು ಕನ್ನಡಕವನ್ನು ತೆಗೆದು ಮೂಗಿಗೇರಿಸಿ, ಕಿಟಕಿಯ ಬಳಿ ಹೋಗಿ, ಬೆರಳಿಟ್ಟು ಮೊದಲಿಂದ ಕೊನೆಯವರೆಗೆ ಓದಿದರು. ಅದರಲ್ಲಿ ಅವರ ಕೆಲಸವು ೧೯೫೨ರಿಂದ ಆರಂಭವಾದಂತೆ ಬರೆದಿತ್ತು. ಹೊಸ ಹಾಜರಿ ಪುಸ್ತಕ ಆ ವರ್ಷ ತೆರೆದದ್ದಂತೆ. ೧೫ ವರ್ಷಗಳು ಕಾಗದದಲ್ಲಿ ಇಲ್ಲವೇ ಇಲ್ಲ. “ನಾನು ಈ ಕಾಗದಕ್ಕೆ ಬರೆಯುವುದಿಲ್ಲ” ಎಂದು ಅವರು ಅದನ್ನು ಮೇಜಿನ ಮೇಲಿಟ್ಟರು. ಮರುದಿನ ತಾಯಿಯವರನ್ನು ಜತೆಯಲ್ಲಿ ಕರೆದುಕೊಂಡು ಹೋದರು. ಯಾವ ವರ್ಷ ಯಾವ ಆವಿಗೆ ಕಟ್ಟಿದರು, ಯಾವ ಮಳೆಗಾಲದಲ್ಲಿ ದೋಣಿ ಮಗುಚಿತು, ಆಗ ಯಾರು ಯಾರು ಕೆಲಸಕ್ಕಿದ್ದರು ಎಂಬುದನ್ನು ತಾಯಿಯವರು ಒಂದೂ ತಪ್ಪದೆ ಹೇಳಿದರು. ಏಕೆಂದರೆ ಆ ವರ್ಷಗಳಲ್ಲಿ ಕೆಲವನ್ನು ಅವರೂ ಅಲ್ಲಿಯೇ ತಲೆಯ ಮೇಲೆ ಹೊತ್ತಿದ್ದರು. ಮುದಿ ಕೂಲಿಗಾರರು ಇಬ್ಬರು ಸಾಕ್ಷಿ ನುಡಿದರು. ಮೂರು ವಾರಗಳ ಮೇಲೆ ಕಾಗದ ತಿದ್ದಲ್ಪಟ್ಟು, ಕಾನೂನಿನ ಮಿತಿಯವರೆಗೆ ಪೂರ್ಣ ಹಣ ಬಂತು. ಅದಕ್ಕೆ ಅವರು ಹಾಕಿದ ರುಜುವಿನ ಅಕ್ಷರಗಳು ದೊಡ್ಡವಾಗಿ, ಸ್ಲೇಟಿನ ಮೇಲೆ ತಿದ್ದಿದಂತೆಯೇ ಇದ್ದುವು.

ಮುಂದಿನ ವರ್ಷಗಳಲ್ಲಿ ಆ ಉದ್ಯೋಗವೇ ಕುಗ್ಗಿತು. ಜನರು ಕಾಂಕ್ರೀಟಿನ ಮಾಡುಗಳನ್ನು ಬಯಸತೊಡಗಿದರು. ಜೇಡಿಮಣ್ಣೂ ಕಟ್ಟಿಗೆಯೂ ದುರ್ಲಭವಾದುವು. ನದೀತೀರದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ತಂದೆಯವರು ಅದಕ್ಕಾಗಿ ಗೋಳಾಡಲಿಲ್ಲ. ಆದರೆ ಹಳೆ ಮನೆಯೊಂದನ್ನು ಕೆಡವುವುದು ಕಂಡರೆ ನಿಂತು ನೋಡುವರು. ಹಂಚುಗಳನ್ನು ಮೇಲಿನಿಂದ ಎಸೆಯುತ್ತಿದ್ದರೆ ಹೋಗಿ, ಕೈಯಿಂದ ಕೈಗೆ ಕೊಡಿರೆಂದು ಹೇಳುವರು. ಧೂಳೂ ಹೊಗೆಯೂ ಕೂಡಿ ಅವರ ಎದೆಯನ್ನು ಕೆಡಿಸಿದ್ದುವು. ೧೯೯೪ರ ಬೇಸಗೆಯಲ್ಲಿ ಅವರು ಹಾಸಿಗೆ ಹಿಡಿದರು. ಕೊನೆಯ ವಾರಗಳಲ್ಲಿ ಮಾತು ಕಡಿಮೆಯಾಯಿತು. ತಾಯಿಯವರು ಅವರ ಎಡಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಬೆರಳಿಲ್ಲದ ಜಾಗವನ್ನು ಸವರುತ್ತ ಕುಳಿತಿರುತ್ತಿದ್ದರು. ಜೂನ್ ತಿಂಗಳ ಮೊದಲ ಮಳೆ ಬಿದ್ದ ರಾತ್ರಿ ಅವರು ತೀರಿಕೊಂಡರು. ಮನೆ ಸೋರುತ್ತದೆಯೇ ಎಂದು ಅವರು ಸಂಜೆ ಕೇಳಿದ್ದರು. ಇಲ್ಲವೆಂದು ತಾಯಿಯವರು ಹೇಳಿದ್ದರು.

ದುಃಖ ಕೇಳಲು ಬಂದ ಒಬ್ಬ ಹಿರಿಯರು ತಾಯಿಯವರೊಡನೆ, “ನಿಮ್ಮನ್ನೂ ಮಕ್ಕಳನ್ನೂ ಚೆನ್ನಾಗಿ ಸಾಕಿದ ಮನುಷ್ಯ” ಎಂದರು. ತಾಯಿಯವರು ಸೆರಗಿನಿಂದ ಕಣ್ಣೊರಸಿಕೊಂಡು, “ಸಾಕಿದರೆಂದು ಹೇಳಬೇಡಿರಿ. ಅವರು ಕತ್ತರಿಸಿದರು, ನಾನು ಕಟ್ಟಿದೆ” ಎಂದರು. ಆ ಮಾತಿನಲ್ಲಿ ತಾತ್ಸಾರವಿರಲಿಲ್ಲ; ತಮ್ಮ ಗಂಡನಿಗೆ ಸಲ್ಲತಕ್ಕ ಮಾನವು ಯಾವುದೆಂಬುದನ್ನು ಅವರು ಬಲ್ಲವರಾಗಿದ್ದರು. ಹೆಂಡತಿಯನ್ನು ಸಾಕಿದ ಗಂಡಸರು ನಮ್ಮ ಊರಿನಲ್ಲಿ ಅನೇಕರಿದ್ದರು. ಆಕೆಯ ಎದುರಿಗೆ ಕುಳಿತು, ಆಕೆಯ ಕೆಲಸವನ್ನು ಆಕೆಯಿಂದಲೇ ಕಲಿತು, ಜಗಲಿಯ ಬೆಳಕಿನಲ್ಲಿ ಎಲ್ಲರ ಕಣ್ಣಮುಂದೆ ಮಾಡಿದವರು ನಮಗೆ ತಿಳಿದಂತೆ ಅವರೊಬ್ಬರೇ. ತಾಯಿಯವರು ಅವರ ಬಳಿಕ ೧೧ ವರ್ಷ ಬದುಕಿ ೨೦೦೫ರಲ್ಲಿ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಎರಡು ಕಾಗದಗಳು ಸಿಕ್ಕಿದುವು: ಹೆಬ್ಬೆಟ್ಟು ಒತ್ತಿದ ೧೯೫೯ರದು ಒಂದು, ರುಜು ಹಾಕಿದ ೧೯೮೧ರದು ಒಂದು. ಎರಡನ್ನೂ ಒಟ್ಟಿಗೆ ಮಡಿಸಿ ಬೀಡಿಯ ನೂಲಿನಿಂದ ಕಟ್ಟಿತ್ತು.

ನಮ್ಮಲ್ಲಿ ಹಿರಿಯವಳು ಉಪಾಧ್ಯಾಯಿನಿಯಾದಳು, ಎರಡನೆಯವಳು ದಾದಿಯಾದಳು, ಕಿರಿಯವಳು ಅಂಚೆಯ ಕಚೇರಿಯಲ್ಲಿ ಕೆಲಸಮಾಡಿದಳು. ಮೂವರೂ ಈಗ ನಿವೃತ್ತರು. ಹಳೆ ಮನೆ ಈಗಿಲ್ಲ. ಅದರ ಹಂಚುಗಳನ್ನು ಇಳಿಸಿದಾಗ ಒಡೆದುವು ಹತ್ತಿಪ್ಪತ್ತು ಮಾತ್ರ; ಉಳಿದವನ್ನು ಒಬ್ಬ ಕೃಷಿಕರು ಕೊಂಡುಹೋಗಿ ತಮ್ಮ ದನದ ಕೊಟ್ಟಿಗೆಗೆ ಹೊದೆಸಿದ್ದಾರೆ. ಎರಡನೆಯ ತರಗತಿಯವೆಂದು ಕಡಿಮೆ ಬೆಲೆಗೆ ಬಂದ ಹಂಚುಗಳು ಐವತ್ತು ವರ್ಷ ದಾಟಿಯೂ ಮಳೆಯನ್ನು ತಡೆಯುತ್ತಿವೆ.

ಈ ಸಂಚಿಕೆಯನ್ನು ಓದುವ ತಾಯಿತಂದೆಗಳಲ್ಲಿ ಕೈಕೆಲಸದಿಂದ ಜೀವಿಸುವವರು ಅನೇಕರಿರುವರು. ಅವರಲ್ಲಿ ನಮ್ಮ ಬಿನ್ನಹವೇನೆಂದರೆ, ನಿಮ್ಮ ಕೆಲಸದ ಬಗೆಯನ್ನು ಮಕ್ಕಳಿಗೆ ವಿವರವಾಗಿ ಹೇಳಿರಿ. ಅದು ಹೇಳತಕ್ಕ ವಿಷಯವಲ್ಲವೆಂದು ಸುಮ್ಮನಿರಬೇಡಿರಿ. ಹಳೆ ವಿದ್ಯಾರ್ಥಿನಿಯರಾದ ಭಗಿನಿಯರಲ್ಲಿ ನಮ್ಮ ಬಿನ್ನಹವೇನೆಂದರೆ, ನಿಮ್ಮ ಮನೆಯ ಹಿರಿಯರು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿ ಏನು ದುಡಿದರು ಎಂಬುದನ್ನು ಅವರು ಬದುಕಿರುವಾಗಲೇ ಕೇಳಿ ಬರೆದಿಡಿರಿ. ಹಾಜರಿ ಪುಸ್ತಕಗಳು ಹದಿನೈದು ವರ್ಷಗಳನ್ನು ಮರೆಯಬಲ್ಲವು, ನಾವು ಮರೆಯಬೇಕಾಗಿಲ್ಲ. ಮುಂದಿನ ಸಂಚಿಕೆಗಳಲ್ಲಿ ಇಂತಹ ಚರಿತ್ರೆಗಳು ಇನ್ನೂ ಕೆಲವು ಬರಲೆಂದು ಹಾರೈಸಿ ವಿರಮಿಸುತ್ತೇವೆ.